ಮೂರನೆಯ ಮಂಗಳವಾರದ ಡಬ್ಬಿ

ಮೇಟಿಕಟ್ಟಿ,
೩೦ ಫೆಬ್ರವರಿ ೨೧೩೭

ಫಕೀರವ್ವನಿಗೆ, ಅವಳ ಮೊಮ್ಮಗಳ ಮೊಮ್ಮಗಳು ನಿಂಬವ್ವ ಮಾಡುವ ಶರಣು.

ತಾರೀಖು ನೋಡಿ ನಗಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ವರ್ಷದ ಕೊನೆಗೆ ರಜೆಯಾಗಿ ಬರುತ್ತವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಎನಿಸಿದರೆ ಕ್ಷಮಿಸು. ನಿನಗೀಗ ಇಪ್ಪತ್ತೆಂಟು, ನನಗೆ ನಲವತ್ತೊಂದು. ಆದರೂ ನೀನು ಅಜ್ಜಿಯೇ, ಅಜ್ಜಿಯರಿಗೆ ನಮ್ಮಲ್ಲಿ ಈಗಲೂ ಏಕವಚನವೇ. ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಕಳೆದುಹೋದ ಕಾಲಕ್ಕೆ ಕಾಗದ ಮುಟ್ಟಿಸುವ ಅಂಚೆ ಅದು. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಹಾಳೆ, ಉತ್ತರ ಬರುವುದಿಲ್ಲ. ನನ್ನ ತಮ್ಮ ತನ್ನ ಹಾಳೆಯಲ್ಲಿ ಪೆಟ್ಟಿಗೆಯ ಬೀಗದ ಕೈ ಎಲ್ಲಿಟ್ಟೆ ಎಂದು ಅಜ್ಜನನ್ನು ಕೇಳಿ, ಇನ್ನೂ ಉತ್ತರಕ್ಕೆ ಕಾಯುತ್ತಿದ್ದಾನೆ. ನಾನು ನನ್ನ ಹಾಳೆಯನ್ನು ನಿನಗಾಗಿ ಉಳಿಸಿಕೊಂಡಿದ್ದೆ.

ನಮ್ಮೂರಲ್ಲಿ ಹೊಲಗಳು ಹಸಿರಾಗಿವೆ, ಯಾರೂ ಉಪವಾಸವಿಲ್ಲ. ಆದರೆ ನಾವು ಬೆಳೆಯುವುದೆಲ್ಲ ಹಗುರುಬೆಳೆ, ಅಂದರೆ ತೇಲುಬುಟ್ಟಿ ಎತ್ತಬಲ್ಲಂಥದ್ದು. ತೇಲುಬುಟ್ಟಿ ಅಂಗಳಕ್ಕೆ ಇಳಿದು ಹನ್ನೆರಡು ಕಿಲೋ ಹೊತ್ತು ಗಾಳಿಯಲ್ಲಿ ಹೋಗುವ ಯಂತ್ರ. ಒಂದು ಹಿಡಿ ಹೆಚ್ಚಾದರೂ ಮುನಿಸಿಕೊಂಡ ಅಳಿಯನ ಹಾಗೆ ಅಲ್ಲಾಡದೆ ಕೂರುತ್ತದೆ. ದೊಡ್ಡ ಲಾರಿಗಳು ನಮ್ಮ ಕಡೆ ಬರುವುದು ನಿಂತು ಎಂಬತ್ತು ವರ್ಷವಾಯಿತು. ಹಾಗಾಗಿ ನುಗ್ಗೆಸೊಪ್ಪಿನ ಪುಡಿ, ತುಳಸಿ ಬೀಜ, ಒಣಗಿಸಿದ ಹೂವು, ಇಷ್ಟೇ ನಮ್ಮ ಬೇಸಾಯ. ಉಳ್ಳಾಗಡ್ಡಿ ಪುಡಿಯಾಗಿ ಪೊಟ್ಟಣದಲ್ಲಿ ಬರುತ್ತದೆ. ಮೇಟಿಕಟ್ಟಿಯ ಕೆಂಪು ಗಡ್ಡಿಯ ಬೀಜ ಮೂರು ತಲೆಮಾರಿನ ಹಿಂದೆಯೇ ಕಳೆದುಹೋಯಿತು. ನೀವೆಲ್ಲ ಅದನ್ನು ಗುದ್ದಿ ಒಡೆದು ರೊಟ್ಟಿಯ ಜೊತೆ ತಿನ್ನುತ್ತಿದ್ದಿರಿ ಎಂದು ನನ್ನ ಅಜ್ಜಿ, ಅಂದರೆ ನಿನ್ನ ಮೊಮ್ಮಗಳು, ಹೇಳುವಾಗ, ಎಂದೂ ತಿನ್ನದ ಆ ರುಚಿಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಈ ವಯಸ್ಸಿನಲ್ಲೂ ಆ ಆಸೆ ಹೋಗಿಲ್ಲ. ಹಳಿ ಇದ್ದ ಏರಿಯ ಮೇಲೆ ಈಗ ಜಾಲಿ ಬೆಳೆದಿದೆ. ಸಂಜೆ ಅಲ್ಲಿ ಹೋಗಿ ಕೂತು, ನಾನು ಕೇಳಿಯೇ ಇಲ್ಲದ ರೈಲಿನ ಸದ್ದಿಗೆ ಕಿವಿಗೊಡುತ್ತೇನೆ.

ಈ ಪತ್ರ ಸಿಗುವ ಹೊತ್ತಿಗೆ ನಿಮ್ಮಲ್ಲಿ ಎರಡು ಮಂಗಳವಾರ ಕಳೆದಿರುತ್ತವೆ. ರೈಲಿನವರು ಮೇಟಿಕಟ್ಟಿಗೂ ಸಂಪಗುಂಡಿಗೂ ನಡುವಿನ ಹಳೆಯ ಹಳಿಯ ಪಕ್ಕ ಒಂದು ಕಂಟೇನರ್ ಇಳಿಸಿದ್ದಾರೆ. ನೀವು ಅದನ್ನು ಡಬ್ಬಿ ಎನ್ನುತ್ತೀರಿ. ಮಂಗಳವಾರ ತುಂಬಿಕೊಟ್ಟರೆ ರೈಲು ನಿಲ್ಲಿಸಿ ಒಯ್ಯುತ್ತಾರೆ, ಅರ್ಧ ತುಂಬಿದ್ದನ್ನು ಎತ್ತುವುದಿಲ್ಲ. ಮೂರು ವಾರ ನೋಡಿ, ಆಗದಿದ್ದರೆ ಡಬ್ಬಿಯನ್ನೂ ಹಳಿಯನ್ನೂ ತೆಗೆಯುತ್ತಾರೆ. ಒಂದೊಂದು ಊರಿನಲ್ಲಿ ವಾರಕ್ಕೆ ಕೀಳುವ ಗಡ್ಡಿ ಸರಿಯಾಗಿ ಅರ್ಧ ಡಬ್ಬಿ. ಆದರೆ ಮಾಲು ಹೇರಿದ ಗಾಡಿಗೆ ಊರಿನ ಹೆಸರು ಬರೆಯುವುದು ನಿಮ್ಮ ರೂಢಿ. ಮೊದಲ ವಾರ ಬಾಗಿಲ ಮೇಲೆ ಸುಣ್ಣದಲ್ಲಿ ಮೇಟಿಕಟ್ಟಿ ಎಂದು ಬರೆದದ್ದನ್ನು ಕಂಡು ಸಂಪಗುಂಡಿಯವರು ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದರು. ಎರಡನೆಯ ವಾರ ಅವರು ಮೊದಲೇ ಬಂದು ತಮ್ಮ ಹೆಸರು ಬರೆದರು, ನಮ್ಮವರು ಮನೆಯಲ್ಲೇ ಕೂತರು. ಎರಡು ಸಲವೂ ರೈಲು ನಿಲ್ಲದೆ ಹೋಯಿತು.

ಮೂರನೆಯ ಮಂಗಳವಾರ ಎರಡೂ ಊರಿನ ಹಿರಿಯರು ಡಬ್ಬಿಯ ಮುಂದೆ ಸೇರುತ್ತಾರೆ. ನೀನು ಅಲ್ಲೇ ಚೀಲದ ಬಾಯಿ ಹೊಲಿಯುತ್ತಿರುತ್ತೀ. ಹೇಳಬೇಕಾದ ಮಾತು ನಿನಗೆ ಗೊತ್ತಿರುತ್ತದೆ. ಆದರೆ ನಿನ್ನ ತವರು ಸಂಪಗುಂಡಿ, ಗಂಡನ ಮನೆ ಮೇಟಿಕಟ್ಟಿ. ಬಾಯಿ ತೆಗೆದರೆ ತವರಿನ ಪರ ಎಂದಾರು ಎಂದು ಸುಮ್ಮನಾಗುತ್ತೀ. ರೈಲು ಮೂರನೆಯ ಸಲವೂ ನಿಲ್ಲದೆ ಹೋಗುತ್ತದೆ, ಆಮೇಲೆ ಹಳಿಯನ್ನೇ ಕೀಳುತ್ತಾರೆ. ಮುಪ್ಪಿನಲ್ಲಿ ರೊಟ್ಟಿ ಬಡಿಯುವಾಗಲೆಲ್ಲ ನನ್ನ ಅಜ್ಜಿಯ ಮುಂದೆ ಇದನ್ನೇ ಹೇಳುತ್ತಿದ್ದೆಯಂತೆ: “ಮಾತೂ ಬಾಯಾಗ ಇತ್ತು, ದಬ್ಬಣಾನೂ ಬಾಯಾಗ ಇತ್ತು. ದಬ್ಬಣ ತೆಗೀಲಿಲ್ಲವ್ವಾ ನಾ.” ನೀನು ಆಗ ಅಳುತ್ತಿದ್ದೆ ಎಂದೂ ಅಜ್ಜಿ ಹೇಳಿದ್ದಾಳೆ. ನಿನ್ನನ್ನು ಬೈಯಲು ನಾನು ಬರೆಯುತ್ತಿಲ್ಲ. ಆ ಹಿರಿಯರ ಮುಂದೆ ನಾನಾದರೂ ಬಾಯಿ ಬಿಡುತ್ತಿದ್ದೆನೋ ಇಲ್ಲವೋ.

ಆದರೂ ಕೇಳುತ್ತೇನೆ. ದಬ್ಬಣ ತೆಗೆದು ಇಷ್ಟು ಹೇಳು: “ಎರಡೂ ಊರಿನ ಗಡ್ಡಿ ಒಂದ ಡಬ್ಬ್ಯಾಗ ಹಾಕ್ರಿ. ಬಾಗಿಲಿಗೆ ಯಾರ ಹೆಸರೂ ಬ್ಯಾಡ.” ನಿನ್ನ ಅತ್ತೆ ನಾಲ್ಕು ದಿನ ಮಾತು ಬಿಡಬಹುದು. ನಾಲ್ಕು ದಿನ ತಾನೇ, ತಡೆದುಕೋ.

ನೀನು ಹೇಳಿದೆಯೋ ಇಲ್ಲವೋ ಎಂದು ನನಗೆ ತಿಳಿಯುವುದೇ ಇಲ್ಲ. ಹೇಳಿದ್ದರೆ, ಈ ಪತ್ರ ಬರೆಯುವ ಕಾರಣವೇ ಇರುವುದಿಲ್ಲ. ಆಗ ಈ ಸಂಜೆ ನಾನು ಏರಿಯ ಮೇಲಿರುವುದಿಲ್ಲ, ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಉಳ್ಳಾಗಡ್ಡಿ ಹೆಚ್ಚುತ್ತಿರುತ್ತೇನೆ.

ನಿನ್ನ
ನಿಂಬವ್ವ