ಗಾಜಿನ ಪಟ್ಟಿಗೆ ಲೋಬಾನದ ಹೊಗೆ

ಇಂಡಿ
ಗುರುವಾರ, ೧೫ ಮೇ ೨೦೨೫

ಪ್ರೀತಿಯ ಇರಮ,

‘ಮುಚ್ಚಿಟ್ಟದ್ದಷ್ಟೇ ಉಳಿಯುತ್ತದೆ...’ ಎಲ್ಲೋ ಓದಿದ ಸಾಲು, ಮುಂದಿನದು ನೆನಪಾಗುತ್ತಿಲ್ಲ. ನೆನಪಾದಷ್ಟೂ ನಿಜವೇ ಎಂದು ಅನುಮಾನ. ನಿನ್ನ ಗಾಜಿನ ಪಟ್ಟಿಗಳನ್ನೂ ಮುಚ್ಚಿಯೇ ಇಟ್ಟಿದ್ದೆವಲ್ಲ, ಉಳಿದವೇ? ಇರಲಿ. ಹೇಗಿದ್ದೀ? ಧಾರವಾಡದ ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಬಿಸ್ಕೀಟಿನ ಮೇಲೆಯೇ ದಿನ ದೂಡುತ್ತಿದ್ದೀಯೋ? ಫೋನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ನಿನ್ನ ಸಂಶೋಧನೆ ನನಗೆ ತಿಳಿಯದ್ದೇನಲ್ಲ. ಗಾಜಿನ ಮೇಲೆ ಪಾಲಿಮರಿನ ತೆಳು ಪದರ, ಅದರೊಳಗೆ ಹುದುಗಿದ, ಕಣ್ಣಿಗೆ ಕಾಣದ ಚಿನ್ನದ ನ್ಯಾನೊಕಣಗಳು. ವಿದ್ಯುತ್ತಿನಿಂದ ಬರೆದದ್ದನ್ನು ಅವು ವಿದ್ಯುತ್ತು ಹೋದ ಮೇಲೂ ಹಿಡಿದಿಟ್ಟುಕೊಳ್ಳಬೇಕು. ಎಷ್ಟು ದಿನ ಹಿಡಿದಾವು ಎಂಬುದೇ ನಿನ್ನ ಪರೀಕ್ಷೆ. “ಇಂಡಿ ಬಿಸಲಿಗೆ ತಡದ್ರ ಎಲ್ಲಿ ಬೇಕಾದ್ರೂ ತಡೀತಾವ ಅಮ್ಮಿ” ಎಂದು ನಗುತ್ತ, ರಂಜಾನ್ ಹಬ್ಬ ಮುಗಿಸಿ ಹೋಗುವಾಗ ಪಟ್ಟಿಗಳ ಡಬ್ಬಿಯನ್ನು ಕಪಾಟಿನಲ್ಲಿ ಇಟ್ಟವಳು ನೀನು. “ಯಾರೂ ಮುಟ್ಟಬ್ಯಾಡ್ರಿ” ಎಂದೆ. ಯಾಕೆಂದು ಮಾತ್ರ ದಾದಿಮಾಗೆ ನೀನು ಹೇಳಲಿಲ್ಲ.

ಅವರು ಮುಟ್ಟಲೂ ಇಲ್ಲ. ಗುರುವಾರ ಸಂಜೆ ಮನೆಯೆಲ್ಲ ಲೋಬಾನ ಹಾಕುವಾಗ ಡಬ್ಬಿಯ ಮುಚ್ಚಳ ಸರಿಸಿ, ಮೊಮ್ಮಗಳ ಓದಿಗೆ ಬರಕತ್ ಆಗಲೆಂದು ಅದಕ್ಕೂ ಹೊಗೆ ತೋರಿಸಿದರು. ನಿನ್ನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟಿಗೂ ಹೀಗೇ ಹೊಗೆ ಕೊಟ್ಟಿದ್ದರು. ಆಗ ಅದನ್ನು ಕಣ್ಣು ಮುಚ್ಚಿ ಹಿಡಿದು ನಿಂತವಳು ನೀನೇ!

ಹೋದ ವಾರ ನೀನು ಬಂದು ಡಬ್ಬಿ ತೆರೆದರೆ ಪಟ್ಟಿಗಳ ಮೇಲೆಲ್ಲ ಹೊಗೆಯ ಜಿಡ್ಡು. ಕೆಲಸವೆಲ್ಲ ಹಾಳಾಯಿತು, ಒಪ್ಪಿದೆ. ಮೊದಲಿನಿಂದ ಮಾಡಬೇಕು, ಗೈಡು ಸಿಟ್ಟಾಗುತ್ತಾರೆ, ಅದೂ ಗೊತ್ತು. ಆದರೆ “ಇದೇನು ತಾವೀಜ ಅಲ್ಲ ದಾದಿಮಾ, ನಿಮಗೇನ್ ತಿಳೀತೈತಿ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿ, ಬಡಿಸಿದ ತಾಟು ಬಿಟ್ಟೆದ್ದು ಬಸ್ಸು ಹತ್ತಬೇಕಿತ್ತೇ? ಅವತ್ತಿನಿಂದ ಅವರು ಲೋಬಾನದಾನಿಯನ್ನು ಬೋರಲು ಹಾಕಿ ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ. ಅನ್ನಕ್ಕೆ ಕರೆದರೆ “ನನಗೇನ್ ತಿಳೀತೈತಿ” ಎನ್ನುತ್ತಾರೆ. ಅಲ್ಲಿ ನೀನು ಮೂಕಿ, ಇಲ್ಲಿ ಅವರು. ಇಬ್ಬರ ಹಟದ ನಡುವೆ ನನಗಂತೂ ಸಾಕುಸಾಕಾಗಿದೆ. ಇನ್ನು ನಿಮ್ಮಿಬ್ಬರನ್ನೂ ರಮಿಸಲು ನನ್ನಿಂದಾಗದು.

ನಿನ್ನ ಹೊಸ ಪಟ್ಟಿಗಳು ಗಟ್ಟಿಯಾಗಲಿ. ಅಲ್ಲಾಹ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮಿ,
ಗುಲನಾಜ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಪಕ್ಕದ ಮನೆಯ ಸಾವಿತ್ರವ್ವ ಬಂದಳು. ಕರೆದರೂ ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು, ದಾದಿಮಾ ಕೋಣೆಯ ಕಡೆ ನೋಡುತ್ತ, ದನಿ ತಗ್ಗಿಸಿ ಕೇಳಿದಳು: “ಗುರುವಾರ ಬಂದ್ರೂ ನಿಮ್ಮ ಮನಿ ಲೋಬಾನದ ವಾಸನಿ ಬರವಲ್ದಲ್ರಿ ಅಕ್ಕಾರ. ಅಮ್ಮಾರು... ಅದಾರಲ್ರಿ?”