ನಿರೀಕ್ಷಾಳ ಮೊದಲ ಬಿಲ್

ಹೌಜ್ ಖಾಸ್, ದೆಹಲಿ

ಪ್ರೀತಿಯ ನಿರೀಕ್ಷಾ,

ಸಂಶೋಧನೆಯ ಆಕರಗಳನ್ನು ಫೋನಿನಲ್ಲೇ ಜೋಡಿಸಿಡುವ ನಿನ್ನ ಆ್ಯಪ್ ಇಲ್ಲದೆ ಈಗ ನಾನು ಬರೆಯಲು ಕೂರುವುದಿಲ್ಲ. ವಿದ್ಯಾರ್ಥಿಗಳ ಬಳಿ ಹಣ ಕೇಳಲು ಸಂಕೋಚವೆಂದೂ, ಆ್ಯಪನ್ನೇ ಮುಚ್ಚಿ ಕೆಲಸಕ್ಕೆ ಸೇರುವೆನೆಂದೂ ಬರೆದಿದ್ದೀಯೆ.

ನಿನ್ನೆ ಲಕ್ಷ್ಮೀ ನಗರದ ನಿಮ್ಮ ಹೋಟೆಲಿಗೆ ಹೋಗಿದ್ದೆ. ನಿನ್ನ ತಂದೆ ರತ್ನಾಕರರು ಕೋಚಿಂಗ್ ಹುಡುಗರಿಗೆ ಕೇಳಿದಷ್ಟು ಸಾಂಬಾರ್ ಬಡಿಸಿ, ದೋಸೆಗೆ ಮಾತ್ರ ಬಿಲ್ ಕೊಡುತ್ತಿದ್ದರು. “ಬಿಲ್ ಕೊಡ್ಲಿಕ್ಕೆ ನಾಚಿಕೆ ಮಾಡಿದ್ರೆ ನಾಳೆ ಈ ಮಕ್ಕಳಿಗೆ ದೋಸೆ ಯಾರು ಹಾಕ್ತಾರೆ ಸಾರ್?” ಎಂದು ನಕ್ಕರು.

ಆಕರಗಳನ್ನು ಕೂಡಿಡುವುದು ಎಲ್ಲರಿಗೂ ಉಚಿತವಾಗಿರಲಿ. ಪ್ರಬಂಧದ ಕೊನೆಗೆ ಬೇಕಾದ ಗ್ರಂಥಸೂಚಿಯನ್ನು ಸಿದ್ಧಪಡಿಸಿಕೊಡುವುದಕ್ಕೆ ಬೆಲೆಯಿಡು. ನನ್ನ ಖಾತೆಯಲ್ಲಿ ‘ಗುರುಗಳಿಗೆ ಉಚಿತ’ ಎಂದು ತೋರಿಸುತ್ತಿದೆ. ದಯವಿಟ್ಟು ಅದನ್ನು ತೆಗೆದುಹಾಕಿ, ಮೊದಲ ಬಿಲ್ಲನ್ನು ನನಗೇ ಕಳಿಸು.

ನಿನ್ನ ಏಳಿಗೆ ಬಯಸುವ,
ನಾಚಪ್ಪ