ಮೂರನೇ ಡ್ರಮ್ಮಿನ ಸದ್ದು

ಮನೆಯಿಂದ,
ತಾ. ೧೪, ಗುರುವಾರ

ನನ್ನ ಮುದ್ದು ಮೆಣಸಿನಕಾಯಿಗೆ,

ಹೇಗಿದ್ದೀಯೇ? ಗಂಟಲು ಕಟ್ಟಿದ್ದು ವಾಸಿಯಾಯಿತಾ? ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣು, ತಣ್ಣೀರು ಮುಟ್ಟಬೇಡ. ನಿನ್ನಪ್ಪನ ಮಂಡಿನೋವು ಇದ್ದ ಹಾಗೇ ಇದೆ, ಗೊಣಗಾಟವೂ ಇದ್ದ ಹಾಗೇ ಇದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯೋಣವೆಂದರೆ ಕೈ ಮುಂದೆ ಹೋಗುತ್ತಿಲ್ಲ. ಫೋನಿನಲ್ಲಿ ಹೇಳಲು ಭಯ, ಅದಕ್ಕೇ ಈ ಕಾಗದ.

ನಿನ್ನ ರ‍್ಯಾಪ್ ನಮ್ಮ ಲಾಂಡ್ರಿಗೂ ಬಂದುಬಿಟ್ಟಿದೆ ಕಣೇ. ಯಾವುದೋ ದೂರದ ದೇಶದ ಹುಡುಗರು ಬೀದಿಯಲ್ಲಿ ನಿಂತು ಶುರುಮಾಡಿದ ಹಾಡಂತೆ ಅದು. ನನಗೆ ಮೊದಲು ತಾಳ ಹಾಕಿ ಜಗಳವಾಡಿದ ಹಾಗೆ ಕೇಳಿಸಿತ್ತು. ಆದರೆ "ಹಾಸಿಗೆ ಬಿಳಿ, ಬೆರಳು ಕೆಂಪು, ಗ್ಲೌಸ್ ಕೇಳಿದ್ರೆ ಗೇಟ್ ತೋರಿಸ್ತಾರೆ" ಅಂದೆಯಲ್ಲ, ಮೈ ಜುಮ್ಮೆಂದಿತು. ಆಸ್ಪತ್ರೆಯ ಹೊದಿಕೆಗಳ ಮಡಿಕೆಯಲ್ಲಿ ಸೂಜಿ ಉಳಿದು ನಮ್ಮ ಕೈಗೆ ಚುಚ್ಚುವುದನ್ನು ಇಷ್ಟು ವರ್ಷ ನಾವು ನಾವೇ ಗುಸುಗುಸು ಆಡಿಕೊಂಡಿದ್ದೆವು. ನೀನು ಊರಿಗೆಲ್ಲ ಕೇಳುವ ಹಾಗೆ ಕೂಗಿದೆ. ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ?

ಆದರೆ ಹಾಡಿನ ಹಿಂದೆ ಬಡಿಯುವ ಆ ಸದ್ದು! ಲಾಂಡ್ರಿಯ ಹೆಸರಿಲ್ಲ, ನನ್ನ ಹೆಸರಿಲ್ಲ, ಯಾರಿಗೂ ಗೊತ್ತಾಗಲ್ಲ ಅಂದುಕೊಂಡೆವು. ನಮ್ಮ ಬುದ್ಧಿಗಿಷ್ಟು! ಮೊನ್ನೆ ಗೇಟಿನ ಹತ್ತಿರ ಯಾರದೋ ಫೋನಿನಲ್ಲಿ ಹಾಡು ಬರುತ್ತಿದ್ದಾಗ ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, "ಅರೆ, ಇದು ನಮ್ಮ ಬಟ್ಟೆ ಒಗೆಯೋ ಮೂರನೇ ಡ್ರಮ್ಮು! ಬೇರಿಂಗ್ ಸವೆದು ಹೀಗೆ ಕುಂಟೋದು ಅದೊಂದೇ" ಅಂದ. ಪಾಪ, ಗುರುತು ಹಿಡಿದ ಖುಷಿಯಲ್ಲಿ ಅಂದದ್ದು. ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದ. ಫೋನನ್ನು ಗೇಟಿನಲ್ಲೇ ಬಿಟ್ಟು ಒಳಗೆ ಹೋಗಬೇಕೆಂಬುದು ನಮ್ಮಲ್ಲಿ ಕಟ್ಟುನಿಟ್ಟು, ನಿನಗೇ ಗೊತ್ತು. ನೀನು ಕೇಳಿದೆಯೆಂದು ಊಟದ ಡಬ್ಬಿಯಲ್ಲಿ ಅಡಗಿಸಿ ಒಯ್ದು, ಆ ಸದ್ದು ಹಿಡಿದು ತಂದವಳು ನಾನು.

ಈಗ ಅನುಮಾನವೆಲ್ಲ ಇಸ್ತ್ರಿ ಹಾಕುವ ಅಕ್ಕನ ಮೇಲೆ. ಸೂಜಿ ಚುಚ್ಚಿ ಕೈ ಊದಿಕೊಂಡಾಗ ಗಲಾಟೆ ಮಾಡಿದವಳು ಅವಳೊಬ್ಬಳೇ ತಾನೇ. ನಿನ್ನೆ ಅವಳನ್ನು ಗೇಟಿನಿಂದಲೇ ವಾಪಸು ಕಳಿಸಿದರು. ಪೊಲೀಸರಿಗೂ ಹೇಳುತ್ತಾರಂತೆ. ನಾನು ಅಲ್ಲೇ ಇದ್ದೆ, ತುಟಿ ಬಿಚ್ಚಲಿಲ್ಲ. ಈಗ ಯಾರು ಬಾಗಿಲು ಬಡಿದರೂ ಮೊದಲು ಕಿಟಕಿಯಲ್ಲಿ ಇಣುಕಿ ನೋಡುತ್ತೇನೆ. ನಾಳೆ ನಿನ್ನನ್ನೂ ಎಳೆದುಕೊಂಡು ಹೋದರೆ ನಾನು ಏನು ಮಾಡಲಿ? ಕೈಮುಗಿದು ಕೇಳುತ್ತೇನೆ ಮಗಳೇ, ಆ ಹಾಡನ್ನು ನೆಟ್ಟಿನಿಂದ ತೆಗೆದುಬಿಡು.

ಅಪ್ಪ ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದರು. ಅವರಿಗೆ ಇದ್ಯಾವುದೂ ಗೊತ್ತಿಲ್ಲ. ತಣ್ಣಗಿರು ತಾಯಿ, ನಿನ್ನ ಗಂಟಲಿಗೆ ಯಾರ ಕಣ್ಣೂ ಬೀಳದಿರಲಿ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಇಸ್ತ್ರಿ ಅಕ್ಕ ಬಂದಳು. ಡಬ್ಬಿಯಲ್ಲಿ ಫೋನಿದ್ದದ್ದು ಅವಳಿಗೆ ಅವತ್ತೇ ಗೊತ್ತಂತೆ! ಮ್ಯಾನೇಜರ್ ಎಷ್ಟು ಗದರಿದರೂ ನನ್ನ ಹೆಸರು ಹೇಳಲಿಲ್ಲವಂತೆ. "ನನ್ನ ಕೆಲಸ ಹೇಗೂ ಹೋಯ್ತು, ನೀನು ಸುಮ್ನಿರು. ಹಾಡು ಮಾತ್ರ ತೆಗೆಸ್ಬೇಡ ಕಣೇ. ನನ್ನ ಕೈ ನೋವನ್ನ ಕೇಳಿದ್ದು ಅದೊಂದೇ" ಅಂದಳು. ಮೇಲೆ ಬರೆದದ್ದನ್ನು ಬಿಟ್ಟುಬಿಡು, ತೆಗೆಯಬೇಡ. ಚಪ್ಪಲಿ ಮೆಟ್ಟಿಕೊಂಡಿದ್ದೇನೆ, ನಾನೇ ಅಂತ ಮ್ಯಾನೇಜರಿಗೆ ಹೇಳಲು ಹೊರಟಿದ್ದೇನೆ. ನೀನು ಮಾತ್ರ ಈ ಕಡೆ ತಲೆ ಹಾಕಬೇಡ, ಗೊತ್ತಾಯಿತಾ?